ಮೊಂಗು ಶಾಖೆ, ಹತ್ತೊಂಬತ್ತು ಸೆಕೆಂಡು

ಸೋಮವಾರ ಒಂಬತ್ತಕ್ಕೆ ಸರಿಯಾಗಿ
ಲುಸಾಕಾದ ಐದನೇ ಮಹಡಿಯಲ್ಲಿ ಸಾಹೇಬರು ಬಾಯಿ ತೆರೆದರೆ
ಮೊಂಗುವಿನಲ್ಲಿ ಹತ್ತೊಂಬತ್ತು ಸೆಕೆಂಡು
ಬರೀ ತಿರುಗುವ ಚಕ್ರ.
ಹನ್ನೆರಡು ಮೇಜು, ಹನ್ನೆರಡು ಚಕ್ರ.
ವಿಮಾ ಕಂಪನಿಯ ಶಾಖೆ ಪೂರಾ
ಗಾಣದೆತ್ತನ್ನು ನೋಡುವ ಹಾಗೆ ನೋಡುತ್ತ ಕೂತಿರುತ್ತದೆ.

ಹೋದ ವರ್ಷ ನಮಕೌ ಹೆಸರು ಕೂಗಿದರು,
ಇಪ್ಪತ್ತೈದು ವರ್ಷದ ಸೇವೆಗೆ ಒಂದು ಗೋಡೆ ಗಡಿಯಾರ.
ಅವಳ ಪರದೆಯಲ್ಲಿ ಇನ್ನೂ ಚಕ್ರ.
ಎನ್‌ಡೋಲಾ ಶಾಖೆಯ ತಂಗಿ ಫೋನು ಮಾಡಿ
"ಅಕ್ಕಾ, ಚಪ್ಪಾಳೆ ಮುಗೀತು" ಅಂದಳಂತೆ.
ಚಿತ್ರ ಬಂದಾಗ ಸಾಹೇಬರು ಡೀಸೆಲ್ ಬೆಲೆಗೆ ದಾಟಿದ್ದರು.

ಹಾಗಾಗಿ ನನ್ನನ್ನು ಕಳಿಸಿದರು:
ಮುಟಿಂಟಾ ಹಾಮೂಂಗಾ, ನೆಟ್‌ವರ್ಕ್ ವಿಭಾಗ,
ಬೆನ್ನಿಗೆ ಚೀಲ, ಚೀಲದಲ್ಲಿ ಇಟ್ಟಿಗೆಯಷ್ಟು ಪೆಟ್ಟಿಗೆ.
ಆರುನೂರು ಕಿಲೋಮೀಟರು. ಕಫುಯೆ ಕಾಡಿನ ನಡುವೆ
ತ್ಸೆತ್ಸೆ ನೊಣದ ಗೇಟಿನಲ್ಲಿ ಬಸ್ಸು ನಿಲ್ಲಿಸಿ
ಚಕ್ರಗಳಿಗೆ ಮದ್ದು ಹೊಡೆದರು.
ಈ ವಿಳಂಬಕ್ಕೆ ನನ್ನ ಹತ್ತಿರ ಪೆಟ್ಟಿಗೆಯಿಲ್ಲ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.
ಒಂದೇ ಮುಖ ಹನ್ನೆರಡು ಸಲ ಇಳಿಯುತ್ತಿದೆ
ಒಂದೇ ಬಡಕಲು ತಂತಿಯಲ್ಲಿ. ಅದು ಸರಿ, ಗೊತ್ತಿದ್ದದ್ದೇ.
ಸೂಕ್ಷ್ಮ ಇನ್ನೊಂದಿದೆ:
ವಿಡಿಯೊ ಅನ್ನುವುದು ಜಿಪುಣನ ಕಡತ.
ಪೂರ್ತಿ ಚಿತ್ರ ಕಳಿಸುವುದು ಹತ್ತು ಸೆಕೆಂಡಿಗೊಮ್ಮೆ.
ನಡುವೆ ಬರೀ ವ್ಯತ್ಯಾಸ —
ತುಟಿ ಇಷ್ಟು ಅಲುಗಿತು, ಟೈ ಇಷ್ಟು ಸರಿಯಿತು,
ಮಿಕ್ಕಿದ್ದು ಆಗಲೇ ಹೇಳಿದಂತೆ.
ನಡುವೆ ಬಂದವನಿಗೆ
ಯಾರ ತುಟಿ? ಯಾವ ಟೈ?
ಮುಂದಿನ ಪೂರ್ತಿ ಚಿತ್ರ ಬರುವ ತನಕ ಅವನು ಹೊಸ್ತಿಲಲ್ಲೇ.

ನನ್ನ ಪೆಟ್ಟಿಗೆಯ ಕೆಲಸ ಇಷ್ಟು:
ಒಂದು ಪ್ರತಿ ಇಸಿದುಕೊಂಡು ಹನ್ನೆರಡು ಮಾಡುವುದು,
ಕಡೆಯ ಪೂರ್ತಿ ಚಿತ್ರವನ್ನು ಗಂಟುಕಟ್ಟಿ ಇಟ್ಟುಕೊಂಡು
ತಡವಾಗಿ ಬಂದವರ ಕೈಗೆ ಮೊದಲು ಅದನ್ನು ಹಾಕುವುದು.

ಬಂದರಿನ ಬದಿಯ ಶಾಖೆ. ಶನಿವಾರ, ಎಂಟೂವರೆ.
"ಸ್ವಿಚ್ಚು ಎಲ್ಲಿದೆ?" ಅಂದೆ.
ನಮಕೌ ಉತ್ತರ ಕೊಡಲಿಲ್ಲ.
ಮೊಣಕಾಲು ತುಸು ಬಗ್ಗಿಸಿ
ಅಂಗೈಗೆ ಅಂಗೈ ಮೆತ್ತಗೆ ತಟ್ಟಿದಳು, ಲೋಜಿ ಜನ ತಟ್ಟುವ ಹಾಗೆ,
ಸದ್ದು ಎಲ್ಲಿಗೂ ಹಾರಿಹೋಗದ ಹಾಗೆ.
ನಾನೂ ತಟ್ಟಬೇಕಾಯಿತು. ತೋಂಗಾ ಕೈ, ಲಯ ತಪ್ಪಿತು.
ರಾತ್ರಿ ನಿದ್ದೆ ಬಂತೇ? ಬೆನ್ನು ಹಿಡಿಯಿತೇ?
ಅಮ್ಮ ಇದ್ದಾರೆಯೇ? ಮೊಂಜೆಯಲ್ಲೇ?
ಮಂಡಿನೋವು ಯಾವ ಕಾಲಿಗೆ?
ನನಗೆ ಗೊತ್ತಿರಲಿಲ್ಲ.
ದನ ಎಷ್ಟು ಉಳಿದವು ರೋಗ ಬಂದು ಹೋದಮೇಲೆ?
ಆಮೇಲೆ ಅವಳ ಸರದಿ: ಬಯಲಿಗೆ ಏರಿದ ನೀರು,
ಅಣ್ಣನ ದೋಣಿಯ ತೂತು,
ಜನವರಿಯಲ್ಲಿ ಮಣ್ಣು ಸೇರಿದ ಚಿಕ್ಕಮ್ಮ.
ಕಳ್ಳಗಣ್ಣಿನಲ್ಲಿ ಗಡಿಯಾರ ನೋಡಿದೆ: ಏಳು ನಿಮಿಷ.
ಆಮೇಲೆ ಒಂದೇ ಮಾತು,
"ಕೌಂಟರಿನ ಕೆಳಗೆ. ಎಡಕ್ಕೆ."

ಕೆಳಗೆ ಧೂಳು, ಒಂದು ಹಲ್ಲಿ,
ಹನ್ನೊಂದನೇ ಇಸವಿಯ ಕ್ಯಾಲೆಂಡರು.
ಸಂಜೆತನಕ ನಮಗೆ ಹೆಚ್ಚು ಮಾತು ಬೇಕಾಗಲಿಲ್ಲ.
ಅವಳೊಮ್ಮೆ ಕಿಟಕಿಯಲ್ಲಿ ಬಗ್ಗಿ
"ಇನ್ನೂ ಅರ್ಧ ಗೇಣು" ಅಂದಳು.
ನಾನೊಮ್ಮೆ ಹೊರಗೆ ಹೋಗಿ ಫೋನು ಮಾಡಿ ಬಂದು
"ಎಡಗಾಲು" ಅಂದೆ.
ತಲೆಯಾಡಿಸಿ ಚಹಾ ಸುರಿದಳು.

ಸೋಮವಾರ. ಒಂದೂವರೆ ಸೆಕೆಂಡು.
ಹನ್ನೆರಡು ಪರದೆಯಲ್ಲೂ ಒಟ್ಟಿಗೇ ಸಾಹೇಬರು,
"ಈ ತ್ರೈಮಾಸಿಕದ ಗುರಿ —"
ಲಿಕಾಂಡೊ ಇನ್ನೂ ಕುರ್ಚಿ ಎಳೆದುಕೊಳ್ಳುತ್ತಿದ್ದ.
ನಮಕೌ ಕೈಗಳು ತಾವಾಗಿ ಕೂಡಿ
ಎರಡು ಸಲ ತಟ್ಟಿದವು, ಮೆತ್ತಗೆ, ಪರದೆಯತ್ತ.
ಪರದೆ ಶೇಕಡಾ ಎಂಟು ಅಂದಿತು.

ವಾಪಸ್ಸು ಬಸ್ಸಿನಲ್ಲಿ ವರದಿ ತುಂಬಿದೆ.
ಆರಂಭದ ವಿಳಂಬ, ಮೊದಲು: ಹತ್ತೊಂಬತ್ತು.
ಈಗ: ಒಂದೂವರೆ.
ಷರಾ ಅನ್ನುವಲ್ಲಿ, ಗೇಟು ತೆರೆಯುವುದನ್ನು ಕಾಯುತ್ತ, ಬರೆದೆ:
ನೀರು ಇನ್ನೂ ಒಂದು ಗೇಣು ಏರಿದರೆ
ಪೆಟ್ಟಿಗೆಯನ್ನು ಮೇಲಿನ ಗೂಡಿಗೆ ಎತ್ತಿಡಬೇಕು.
ನಮಕೌ ಅವರನ್ನು ಕೇಳುವುದು.
ಅವರಿಗೆ ಗೊತ್ತಿರುತ್ತದೆ.